ಶ್ರಾವಣದಲ್ಲಿ ಮೀನಿನ ಗಿರಾಕಿ

ಕಳೆದ ಸೋಮವಾರ ನಾನು ಮೀನಿನ ಅಂಗಡಿಯ ಮುಂದೆ ನಿಂತು ಫೋಟೋ ತೆಗೆಸಿಕೊಂಡೆ. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಕೈಯಲ್ಲಿ ಬಟ್ಟೆಯ ಚೀಲ, ಮುಖದ ಮೇಲೆ ಗಿರಾಕಿಯ ನಗು. ವಯಸ್ಸು ಎಪ್ಪತ್ತಾರು. ಹುಟ್ಟಿದಾಗಿನಿಂದ ಒಂದು ಮೀನಿನ ಮುಳ್ಳನ್ನೂ ಮುಟ್ಟಿದವಳಲ್ಲ.

ಅದೂ ಶ್ರಾವಣ ಸೋಮವಾರ.

ಗಾಬರಿಯಾಗಬೇಡಿ. ಮೊದಲಿನಿಂದ ಹೇಳುತ್ತೇನೆ.

ನಾಸಿಕ್ ರೋಡ್ ಸ್ಟೇಷನ್ನಿನಿಂದ ನಮ್ಮ ಸೊಸೈಟಿಗೆ ಬರುವ ದಾರಿಯಲ್ಲಿ ಛಾಯಾ ಎಂಬಾಕೆ ಮೀನು ಮಾರುತ್ತಾಳೆ. ಒಂದು ದೊಡ್ಡ ಅಲ್ಯುಮಿನಿಯಂ ಬೋಗುಣಿ, ಅದರಲ್ಲಿ ಐಸ್, ಐಸಿನ ಮೇಲೆ ಡ್ಯಾಮಿನ ರೋಹು, ಕಟ್ಲಾ. ಸಂಜೆ ಸ್ಟೋವ್ ಹಚ್ಚಿ ಗುರುತಿನವರಿಗೆ ನಾಲ್ಕು ತುಂಡು ಕರಿದೂ ಕೊಡುತ್ತಾಳೆ. ಅವಳ ಜಾಗ ಹತ್ತಿರವಾದ ಕೂಡಲೇ ನಾನು ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತಿದ್ದೆ. ಒಂದು ದಿನವೂ ತಪ್ಪಿಸಿದ್ದಿಲ್ಲ. ಬೀದರಿನ ಮನೆಯಿಂದ ತಂದ ಡಿಸಿಪ್ಲಿನ್.

ಹೋದ ಚಳಿಗಾಲದಲ್ಲಿ ನಮ್ಮವರು ತೀರಿಕೊಂಡ ಹದಿನೈದು ದಿನಕ್ಕೆ ಅದೇ ಛಾಯಾ ಬಾಗಿಲಿಗೆ ಬಂದಳು. ಒಳಗೆ ಬರಲಿಲ್ಲ, ಹೊಸ್ತಿಲಾಚೆಯೇ ಕೂತಳು. (ಅವಳು ಆಡುವುದು ಮರಾಠಿ. ನನ್ನ ಕಿವಿಗೆ ಅದು ಬೀದರಿನ ಕನ್ನಡವಾಗಿಯೇ ಇಳಿಯುತ್ತದೆ, ಹಾಗೆಯೇ ಕೊಡುತ್ತೇನೆ.)

"ಆಜಿ, ಸಾಹೇಬ್ರು ಭಾಳ ಚೊಲೋ ಮನಷಾ. ಬುಧವಾರ ಬುಧವಾರ ಬರವರು. ಎರಡ ತುಂಡ ತಿಂದು, ಯಾಲಕ್ಕಿ ಬಾಯಾಗ ಹಾಕ್ಕೊಂಡು, 'ಛಾಯಾ, ಆಚೀ ಕಡಿ ನಮ್ಮ ಬಾಈ ಕಾಣ್ತಾಳೇನು ನೋಡು' ಅಂತ ಕೇಳಿ ಹೋಗವರು."

ಓಝರಿನ ವಿಮಾನ ಕಾರ್ಖಾನೆಯಲ್ಲಿ ಇಂಜಿನಿಯರ್ ಆಗಿದ್ದ ಮನುಷ್ಯ. ಮನೆಯಲ್ಲಿ ಮೂರು ಹೊತ್ತು ಲಿಂಗಪೂಜೆ. ಬುಧವಾರದ ಆ ಯಾಲಕ್ಕಿಯ ಪರಿಮಳವನ್ನು ಇಪ್ಪತ್ತು ವರ್ಷ ನಾನು ಪ್ರೀತಿ ಎಂದುಕೊಂಡಿದ್ದೆ. (ಇರಲಿ ಬಿಡಿ. ಅದೂ ಪ್ರೀತಿಯೇ ಇದ್ದೀತು.)

ಆ ದಿನದಿಂದ ನಾನು ರಸ್ತೆ ದಾಟುವಾಗ ಆಚೆಯಿಂದಲೇ ಅವಳಿಗೆ ಕೈ ಎತ್ತುತ್ತೇನೆ. ಇದೇ ನಮ್ಮ ಸ್ನೇಹ.

ಈ ಬೇಸಿಗೆಯಲ್ಲಿ ಛಾಯಾ ಮತ್ತೆ ಬಂದಳು, ಕೈಯಲ್ಲಿ ಒಂದು ಫಾರ್ಮ್ ಹಿಡಿದು. ಕುಂಭಮೇಳದ ತಯಾರಿಗೆ ರಸ್ತೆ ಅಗಲ ಮಾಡುತ್ತಾರಂತೆ. ದೀಪಾವಳಿ ಕಳೆದರೆ ನೆಲದ ಮೇಲೆ ತೆರೆದ ಬೋಗುಣಿ ಇಟ್ಟು ಕೂರುವಂತಿಲ್ಲ. ಮುಚ್ಚಿದ ಐಸ್ ಪೆಟ್ಟಿಗೆಯ ಗಾಡಿ ಇದ್ದವರಿಗೆ ಮಾತ್ರ ಹೊಸ ಮಾರ್ಕೆಟ್ಟಿನ ಅಂಚಿನಲ್ಲಿ ಜಾಗ. ಗಾಡಿಗೆ ಸರ್ಕಾರದ ಗ್ರಾಂಟ್ ಇದೆ. ಅರ್ಧಕ್ಕಿಂತ ಜಾಸ್ತಿ ಅವರೇ ಕೊಡುತ್ತಾರೆ. ಆದರೆ 'ಪ್ರಾಜೆಕ್ಟ್ ರಿಪೋರ್ಟ್' ಬೇಕು. ಅದೂ ಇಂಗ್ಲಿಷಿನಲ್ಲಿದ್ದರೆ ಸಾಹೇಬರು ಬೇಗ ನೋಡುತ್ತಾರೆ ಎಂದು ಯಾರೋ ತಲೆಯಲ್ಲಿ ಹುಳ ಬಿಟ್ಟಿದ್ದರು.

"ಇಲ್ಲಂದ್ರ ನಾ ಎಲ್ಲಿ ಕೂಡ್ಲಿ ಆಜಿ? ಮೂವತ್ತ ವರ್ಷದ ಜಾಗ ಅದು" ಎಂದಳು.

ಎದುರು ಫ್ಲ್ಯಾಟಿನ ಮಹಾದೇವಿ ಅಲ್ಲೇ ಇದ್ದಳು. ಕಲಬುರಗಿಯವಳು, ನನಗಿಂತ ಹತ್ತು ವರ್ಷ ಚಿಕ್ಕವಳು, ಮಡಿಯಲ್ಲಿ ಇಪ್ಪತ್ತು ವರ್ಷ ದೊಡ್ಡವಳು. ಛಾಯಾ ಮೆಟ್ಟಿಲಿಳಿಯುವುದನ್ನೇ ಕಾಯುತ್ತಿದ್ದಳು.

"ಏನ್ರಿ ನಿರ್ಮಲಾಬಾಯಿ, ಕೊಳ್ಳಾಗ ಲಿಂಗ ಕಟ್ಕೊಂಡು ಮೀನಿಂದು ಅರ್ಜಿ ಬರೀಲತ್ತೀರೇನು?"

"ಅರ್ಜಿ ಬರೀತೀನಿ, ಸಾರು ಮಾಡೂದಿಲ್ಲವ್ವ" ಎಂದೆ.

ಬರೆದೆ. ಹೇಗೆ ಬರೆದೆ ಅಂತೀರಿ? ಕಾನ್ವೆಂಟಿನಲ್ಲಿ ಸಿಸ್ಟರ್ ಆಗ್ನೆಸ್ ಕಲಿಸಿದ ಇಂಗ್ಲಿಷ್ ಐವತ್ತು ವರ್ಷ ಹಾಲಿನ ಲೆಕ್ಕಕ್ಕೂ ದೂರವಾಣಿ ಇಲಾಖೆಯ ಕಂಪ್ಲೇಂಟಿಗೂ ಬಳಕೆಯಾಗಿ ಸೊರಗಿತ್ತು. ಅದಕ್ಕೆ ಈಗ ಹಬ್ಬ. ಸಸ್ಟೇನೆಬಲ್, ಹೈಜೀನಿಕ್, ವುಮನ್ ಆಂಟ್ರಪ್ರನರ್. ಕೊನೆಯ ಪ್ಯಾರಾದಲ್ಲಿ ಕೈ ತಡೆಯಲಾಗದೆ ಒಂದು ಸಾಲು ಸೇರಿಸಿದೆ. ಅರ್ಜಿದಾರಳು ವರ್ಷದ ಮುನ್ನೂರ ಅರವತ್ತೈದು ದಿನವೂ ತಡೆಯಿಲ್ಲದೆ ತಾಜಾ ಮೀನು ಪೂರೈಸುತ್ತಾಳೆ. ಓದಿ ನನಗೇ ರೋಮಾಂಚನ. ಸಿಸ್ಟರ್ ಇದ್ದಿದ್ದರೆ ಮಾರ್ಜಿನ್ನಿನಲ್ಲಿ 'ಗುಡ್' ಬರೆಯುತ್ತಿದ್ದರು.

(ಆ ಕಾನ್ವೆಂಟಿನಲ್ಲಿ ಪ್ರತಿ ಶುಕ್ರವಾರ ಸಿಸ್ಟರುಗಳ ಅಡಿಗೆಮನೆಯಿಂದ ಮೀನಿನ ವಾಸನೆ ಬರುತ್ತಿತ್ತು. ಅವತ್ತು ಅವರಿಗೆ ಉಪವಾಸವಂತೆ. ಅವರಲ್ಲಿ ಮೀನು ತಿಂದರೆ ಉಪವಾಸ, ನಮ್ಮೂರಲ್ಲಿ ಮೀನು ಬಿಟ್ಟರೆ ಉಪವಾಸ. ದೇವರು ಎರಡನ್ನೂ ಹೇಗೆ ನೆನಪಿಟ್ಟುಕೊಳ್ಳುತ್ತಾನೋ.)

ಇಂಟರ್‌ವ್ಯೂಗೆ ಕರೆ ಬಂತು, ಸಂಭಾಜಿನಗರಕ್ಕೆ. ನಾಸಿಕಿನ ಅರ್ಜಿಗೆ ಅಲ್ಲೇಕೆ? ಕೇಳಬಾರದು. ಬೆಳಗಿನ ರೈಲು ಹಿಡಿದು ಇಬ್ಬರೂ ಹೊರಟೆವು. ನಾನು ಟಿಕೆಟ್ ಕೌಂಟರಿನಲ್ಲಿ ಆ ಊರಿನ ಹಳೆಯ ಹೆಸರು ಹೇಳಿ, ಹಿಂದಿದ್ದವನಿಂದ ತಿದ್ದಿಸಿಕೊಂಡೆ. ನನ್ನ ವಯಸ್ಸಿನಲ್ಲಿ ಊರುಗಳ ಹೆಸರಷ್ಟೇ ಅಲ್ಲ, ನೆಂಟರ ಹೆಸರೂ ಹಳೆಯದೇ ಬಾಯಿಗೆ ಬರುತ್ತದೆ. ಮನಮಾಡ್ ದಾಟಿದ ಮೇಲೆ ಛಾಯಾ ಕೇಳಿದ್ದು ಒಂದೇ.

"ಆಜಿ, ಅವರು ಇಂಗ್ಲಿಷಿನ್ಯಾಗ ಕೇಳಿದ್ರ?"

"ನಾ ಅದೀನಲ್ಲ."

ಎಂಥ ಧೈರ್ಯ ನನ್ನದು.

ಮೀನು ಇಲಾಖೆಯ ಸಭಾಂಗಣದಲ್ಲಿ ದೊಡ್ಡ ಬ್ಯಾನರ್. ಸುಸ್ಥಿರ ಮತ್ಸ್ಯೋತ್ಪಾದನೆ, ಮಾರಾಟ, ಪ್ರೋತ್ಸಾಹ. ಪಕ್ಕದಲ್ಲಿ ನೀಲಿ ಸಮುದ್ರದಿಂದ ಜಿಗಿಯುವ ಡಾಲ್ಫಿನ್. (ಡಾಲ್ಫಿನ್ ಮೀನಲ್ಲ, ಕಾನ್ವೆಂಟಿನ ಬಯಾಲಜಿ. ಮತ್ತೆ ಸಂಭಾಜಿನಗರಕ್ಕೆ ಸಮುದ್ರವೂ ಇಲ್ಲ, ಭೂಗೋಳ.) ಅವತ್ತು ಸಂಕಷ್ಟಿ. ಮೀನು ತಿನ್ನುವುದನ್ನು ಹೆಚ್ಚಿಸಲು ಸೇರಿದ ಸಭೆಯ ಊಟದಲ್ಲಿ ಏನಿತ್ತು ಹೇಳಿ? ಸಾಬೂದಾಣಾ ಖಿಚಡಿ. ಉಪವಾಸ ಇಲ್ಲದ ಪಾಪಿಗಳಿಗೆ ಪನೀರ್. ನನಗೆ ಎಲ್ಲೂ ಇಷ್ಟು ಸುರಕ್ಷಿತವಾಗಿ ಉಂಡ ನೆನಪಿಲ್ಲ.

ನಮ್ಮ ಸರದಿ ಬಂತು. ಮೇಜಿನ ಹಿಂದೆ ಮೂವರು. ನಡುವೆ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡ ಲೇಡಿ ಆಫೀಸರ್. ಪಕ್ಕದ ಸಣ್ಣ ಮೇಜಿಗೆ ಒಬ್ಬ ಕಂಪ್ಯೂಟರ್ ಆಪರೇಟರ್. ಆಫೀಸರ್ ನನ್ನ ರಿಪೋರ್ಟನ್ನು ತಿರುವಿದರು, ಆ ಕೊನೆಯ ಪ್ಯಾರಾದ ಮೇಲೆ ಬೆರಳಿಟ್ಟರು, ಛಾಯಾಳನ್ನು ಮರಾಠಿಯಲ್ಲೇ ಕೇಳಿದರು.

"ಮುನ್ನೂರ ಅರವತ್ತೈದು ದಿನ. ಶ್ರಾವಣದಾಗೂ ಮಾರ್ತೀಯೇನು?"

"ಛೇ ಛೇ. ಶ್ರಾವಣದಾಗ ನಾ ಬೋಗುಣಿ ಮುಟ್ಟೂದಿಲ್ರಿ. ನಮ್ಮತ್ತಿನೂ ಮುಟ್ತಿದ್ದಿಲ್ಲ."

"ಮತ್ತ ಇದನ್ನ ಬರದವರು ಯಾರು?"

ಛಾಯಾ ತಿರುಗಿ ನನ್ನನ್ನು ನೋಡಿದಳು. ಮೂವರೂ ನೋಡಿದರು. ನಾನು ಕ್ಲಾಸಿನಲ್ಲಿ ಎದ್ದಂತೆ ಎದ್ದು ನಿಂತೆ.

"ಕನ್ಸಲ್ಟಂಟ್ ನೀವೇನು? ಮೀನು ತಿಂತೀರಿ?"

"ಇಲ್ಲ."

"ಇವರ ಅಂಗಡಿ ನೋಡೀರಿ?"

"ನೋಡೀನಿ. ಆಚೆ ಬದಿಯಿಂದ."

ಈಗ ಹೇಳಿ, ಯಾರಿಗೆ ನಾಚಿಕೆಯಾಗಬೇಕು? ಶ್ರಾವಣ ಎಂದರೆ ನನ್ನದು, ಮಹಾದೇವಿಯದು, ನಮ್ಮಂಥ ಬಿಲ್ವಪತ್ರೆಯವರದು ಎಂದು ತಿಳಿದಿದ್ದೆ. ಮೀನು ಮಾರುವವಳಿಗೂ ಶ್ರಾವಣ ಬರುತ್ತದೆ ಎಂಬುದು ತಲೆಗೇ ಹೊಳೆಯಲಿಲ್ಲ. ಮೂವತ್ತು ಶ್ರಾವಣ ನಾನು ಖಾಲಿ ಜಾಗದ ಎದುರು ರಸ್ತೆ ದಾಟಿದ್ದೇನೆ. ಮೂಗು ಮುಚ್ಚಿಕೊಂಡು, ಅತ್ತ ನೋಡದೆ.

ಆಫೀಸರ್ ಛಾಯಾಳನ್ನೇ ಕೇಳಿದರು. "ಯಾಕ ಮುಚ್ತಿ? ದೇವರ ಸಲುವಾಗಿ?"

"ದೇವರು ಆಮ್ಯಾಲ್ರಿ ಮ್ಯಾಡಮ್. ಮೊದಲ, ಗಿರಾಕಿ ಬರೂದಿಲ್ಲ. ಎರಡನೇದು, ಮಳಿಗಾಲದಾಗ ಮೀನಿನ ಹೊಟ್ಟಿ ತುಂಬ ತತ್ತಿ ಇರ್ತಾವ. ಈಗ ಹಿಡದು ಮಾರಿದ್ರ ದೀವಾಳಿಗೆ ಏನ್ ಮಾರ್ಲಿ, ಐಸ್?"

ಆಫೀಸರ್ ಮೊದಲ ಸಲ ನಕ್ಕರು. ನನ್ನ ಎರಡು ಪುಟದ 'ಸಸ್ಟೇನೆಬಲ್' ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಅವಳ ಮಾತನ್ನು ಬರೆದುಕೊಂಡರು. "ಈ ಕಾಲಮ್ಮಿಗೆ ಪೂರ್ತಿ ಮಾರ್ಕ್ಸ್. ಈಗ ಖರೇ ದಿನ ಎಷ್ಟು, ಹೇಳು."

ಶುರುವಾಯಿತು. ಶ್ರಾವಣ ತೆಗೆ. ಗಣಪತಿ ಹತ್ತು ದಿನ ತೆಗೆ. ನವರಾತ್ರಿ ತೆಗೆ. ಸೋಮವಾರ ತೆಗೆ. "ಏಕಾದಶಿ" ಎಂದರು ಎಡಗಡೆಯವರು. "ಮಾರ್ಗಶೀರ್ಷದ ಗುರುವಾರ" ಎಂದರು ಬಲಗಡೆಯವರು, ಅವರ ಮನೆಯಲ್ಲಿ ಅದು ಬಲು ಕಟ್ಟುನಿಟ್ಟಂತೆ. "ಶನಿವಾರ ನಾನೂ ತಿನ್ನೂದಿಲ್ಲ ಮ್ಯಾಡಮ್" ಎಂದ ಆಪರೇಟರ್. ಮೀನು ಇಲಾಖೆಯ ಮೇಜಿನ ಸುತ್ತ ಮೀನು ತಿನ್ನುವ ದಿನಗಳು ಬೇಸಿಗೆಯ ಗೋದಾವರಿಯಂತೆ ಒಣಗುತ್ತ ಹೋದವು.

ಆಪರೇಟರ್ ಅಂಕಿ ಹಾಕಿದ. ಪರದೆ ಕೆಂಪಗಾಯಿತು.

"ಮುನ್ನೂರಕಿಂತ ಕಡಿಮಿ ಆದ್ರ ಸಾಫ್ಟ್‌ವೇರ್ 'ನಾಟ್ ವಯಬಲ್' ಅಂತದ ಮ್ಯಾಡಮ್."

ಅಂದರೆ ಲೆಕ್ಕ ಇಷ್ಟು. ಮೀನಿಗೆ ಮೊಟ್ಟೆ ಇಡಲು ಬಿಟ್ಟರೆ ಒಂದು ಕಾಲಮ್ಮಿನಲ್ಲಿ ಶಹಬ್ಬಾಸ್, ಇನ್ನೊಂದು ಕಾಲಮ್ಮಿನಲ್ಲಿ ಗೋತಾ. ಛಾಯಾಗೆ ಇಂಗ್ಲಿಷ್ ಬಾರದು, ಆದರೆ ಕೆಂಪು ಬಣ್ಣ ಬರುತ್ತದೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು. ನನ್ನ ಒಂದು ಸಾಲಿಗೆ ಅವಳ ಮೂವತ್ತು ವರ್ಷದ ಜಾಗ ಹೋಗುವುದರಲ್ಲಿತ್ತು.

ಆಫೀಸರ್ ಸ್ವಲ್ಪ ಯೋಚಿಸಿ ಹೇಳಿದರು. "ಖರೇ ಅಂಕಿನೇ ಇರ್ಲಿ. ವೆರಿಫಿಕೇಶನ್‌ಗೆ ಹಾಕ್ತೀನಿ. ಅಂಗಡಿ ನಡೀಲತ್ತದ ಅಂತ ಫೋಟೋ ಬಂದ್ರ ನನ್ನ ಸಹಿ ಮ್ಯಾಲ ಪಾಸ್ ಮಾಡಬಹುದು. ಮೊಬೈಲಿಗೆ ಮೆಸೇಜ್ ಬರ್ತದ, ಏಳು ದಿನದಾಗ ಅಪ್‌ಲೋಡ್ ಮಾಡ್ರಿ. ತಪ್ಪಿದ್ರ ಅರ್ಜಿ ತಾನೇ ರದ್ದಾಗ್ತದ."

ವಾಪಸ್ ಬರುವಾಗ ನಾನು ಕಿಟಕಿಯಾಚೆ ನೋಡುತ್ತ ಕೂತೆ. ಕ್ಷಮೆ ಕೇಳಲು ಮರಾಠಿಯಲ್ಲಿ ಸರಿಯಾದ ಮಾತು ಹುಡುಕುತ್ತಿದ್ದೆ. ಛಾಯಾ ಡಬ್ಬಿ ತೆರೆದು ಒಣ ಭಾಕ್ರಿ, ಶೇಂಗಾ ಚಟ್ನಿ ಮುಂದಿಟ್ಟಳು. "ಹಿಡೀರಿ. ಇದ್ರಾಗ ಮೀನಿಲ್ಲ" ಎಂದಳು. ತಿಂದೆ.

ಮೆಸೇಜ್ ಯಾವಾಗ ಬಂತು ಎನ್ನುತ್ತೀರಿ? ಸರಿಯಾಗಿ ಶ್ರಾವಣದ ಎರಡನೇ ದಿನ.

ನಾಸಿಕ್ ರೋಡಿನಲ್ಲಿ ಆಗ ಮೀನಿನ ವಾಸನೆಯೂ ಸಿಗುವುದಿಲ್ಲ. ಮೊನ್ನೆ ಅಮಾವಾಸ್ಯೆಗೆ ಊರೆಲ್ಲ ಮುಗಿಬಿದ್ದು ತಿಂದು, ಕೈ ತೊಳೆದು, ತ್ರ್ಯಂಬಕೇಶ್ವರದ ಜೀಪು ಹತ್ತಿಯಾಗಿತ್ತು. ಯಾರೋ ಫೋಟೋ ಮಟ್ಟಿಗೆ ಕೋಲ್ಡ್ ಸ್ಟೋರೇಜಿನಿಂದ ಒಂದು ಕಟ್ಲಾ ತಂದಿಟ್ಟುಬಿಡು ಎಂದರಂತೆ. ಛಾಯಾ ಒಪ್ಪಲಿಲ್ಲ.

"ಗಾಡಿ ಹೋದ್ರ ಹೋಗ್ಲಿ ಆಜಿ. ಶ್ರಾವಣದಾಗ ಬೋಗುಣ್ಯಾಗ ಮೀನ ಇಡೂದಿಲ್ಲ." ಹೇಳುವಾಗ ಅವಳ ಧ್ವನಿ ಗಟ್ಟಿಯಿತ್ತು, ಕಣ್ಣು ಗಟ್ಟಿಯಿರಲಿಲ್ಲ.

ನಾನು ಆಫೀಸರಿಗೆ ಫೋನ್ ಹಚ್ಚಿದೆ. ಶ್ರಾವಣ ಮುಗಿಯುವವರೆಗೆ ಟೈಮ್ ಕೊಡಿ ಎಂದೆ. ತಾರೀಖು ಹಾಕುವುದು ಸಾಫ್ಟ್‌ವೇರ್, ತಾನಲ್ಲ ಎಂದರು. ಆಮೇಲೆ ನಿಧಾನವಾಗಿ ಹೇಳಿದರು.

"ಬಾಈ, ನಿಮ್ಮ ಇಂಗ್ಲಿಷ್ ಚೊಲೋ ಅದ. ಆ ಮೆಸೇಜ್ ಇನ್ನೊಮ್ಮೆ ಓದ್ರಿ."

ಓದಿದೆ. ಫೋಟೋದಲ್ಲಿ ಇರಬೇಕಾದದ್ದು: ಅರ್ಜಿದಾರ, ಅಂಗಡಿ, ಕನಿಷ್ಠ ಒಬ್ಬ ಗಿರಾಕಿ. ಮತ್ತೆ ಓದಿದೆ. ಕನ್ನಡಕ ಒರೆಸಿ ಓದಿದೆ. ಮೀನಿನ ಗ್ರಾಂಟಿನ ಆ ಪಟ್ಟಿಯಲ್ಲಿ 'ಮೀನು' ಎಂಬ ಪದವೇ ಇರಲಿಲ್ಲ.

ಅಂಗಡಿ ಇದೆ. ಅರ್ಜಿದಾರಳು ಇದ್ದಾಳೆ. ಶ್ರಾವಣದಲ್ಲಿ ಗಿರಾಕಿ ಎಲ್ಲಿಂದ ತರುವುದು?

ಸೋಮವಾರ ಬೆಳಿಗ್ಗೆ ಪೂಜೆ ಮುಗಿಸಿ ಹೊರಟೆ. ಮೊಬೈಲ್ ಹಿಡಿಯಲು ಮಹಾದೇವಿಯನ್ನು ಎಳೆದುಕೊಂಡು ಹೋದೆ. ದಾರಿಯುದ್ದಕ್ಕೂ ಒಂದೇ ರಾಗ. "ಮಂದಿ ಏನಂದಾರ್ರಿ?" ಛಾಯಾ ಬೋಗುಣಿ ತಿಕ್ಕಿ ತೊಳೆದು, ಐಸ್ ತುಂಬಿ, ಹೊಸ ನೌವಾರಿ ಸೀರೆ ಉಟ್ಟು ಕೂತಿದ್ದಳು.

ನಾನು ಮೊದಲ ಸಲ ರಸ್ತೆ ದಾಟಲಿಲ್ಲ.

"ಸಾಹೇಬ್ರು ಇಲ್ಲೇ ನಿಂದರ್ತಿದ್ರು" ಎಂದು ಛಾಯಾ ಕಂಬದ ಪಕ್ಕದ ಜಾಗ ತೋರಿಸಿದಳು. ನಿಂತೆ. ಅಲ್ಲಿಂದ ಎದುರಿನ ಫುಟ್‌ಪಾತ್ ಎಷ್ಟು ಸ್ಪಷ್ಟವಾಗಿ ಕಾಣುತ್ತದೆ ಗೊತ್ತೆ? ಅಲ್ಲಿ ಮೂಗು ಮುಚ್ಚಿಕೊಂಡು ಹೋಗುವ ಹೆಂಗಸಿನ ಮೂಗಿನ ನತ್ತೂ ಕಾಣುವಷ್ಟು. ಪಾಪ, ಆ ಎರಡು ತುಂಡನ್ನು ಪ್ರತಿ ಬುಧವಾರ ಎಷ್ಟು ಅವಸರದಲ್ಲಿ ನುಂಗುತ್ತಿದ್ದರೋ.

ಗಿರಾಕಿ ಎನ್ನುವುದು ಸುಳ್ಳಾಗಬಾರದಲ್ಲ, ಹತ್ತು ರೂಪಾಯಿ ಕೊಟ್ಟು ಒಂದು ತುಂಡು ಐಸ್ ಕೊಂಡೆ. ಸಿಸ್ಟರ್ ಆಗ್ನೆಸ್ ಆತ್ಮಕ್ಕೆ ಶಾಂತಿ. ಮಹಾದೇವಿ ಒಂದು ಕೈಯಲ್ಲಿ ಮೊಬೈಲ್ ಹಿಡಿದಳು, ಇನ್ನೊಂದು ಕೈಯಲ್ಲಿ ಸೆರಗು ಹಿಡಿದು ಮೂಗು ಮುಚ್ಚಿದಳು.

"ಏ ಮಹಾದೇವಿ, ಮೀನ ಎಲ್ಲದ?"

"ಇಲ್ಲದಿದ್ರೂ ವಾಸನಿ ಬರ್ತದ್ರಿ" ಎಂದಳು.

ನಿನ್ನೆ ಛಾಯಾಳ ಮೊಬೈಲಿಗೆ ಮೆಸೇಜ್ ಬಂತು. ಅರ್ಜಿ ಮಂಜೂರು. ಗಾಡಿ ದಸರಾಕ್ಕೆ ಕೈಗೆ ಬರುತ್ತದಂತೆ. (ಅದನ್ನು ಉಪವಾಸವಿಲ್ಲದ ಒಂದು ಬುಧವಾರ ನೋಡಿ ಉದ್ಘಾಟನೆ ಮಾಡಬೇಕು, ತೆಂಗಿನಕಾಯಿ ನನ್ನದು.) ಫೋಟೋ ಮಾತ್ರ ಮಹಾದೇವಿಯ ಕೃಪೆಯಿಂದ ನಮ್ಮ ಕನ್ನಡದವರ ಗ್ರೂಪಿಗೂ ಹೋಗಿ, ಬೆಳಗಿನಿಂದ ನನ್ನ ಫೋನ್ ಬಡಿದುಕೊಳ್ಳುತ್ತಿದೆ. ಬಯ್ಯುವವರೆಲ್ಲ ಬಯ್ಯಲಿ. ನನ್ನದು ಒಂದೇ ಪ್ರಶ್ನೆ.

ಅಂಗಡಿಯಲ್ಲಿ ಮೀನಿಲ್ಲ, ಗಿರಾಕಿ ಮೀನು ತಿನ್ನುವುದಿಲ್ಲ. ಇದಕ್ಕಿಂತ ಸಸ್ಟೇನೆಬಲ್ ಆದ ಮೀನು ವ್ಯಾಪಾರವನ್ನು ನಮ್ಮ ಸರ್ಕಾರಕ್ಕೆ ಇನ್ಯಾರಾದರೂ ಮಾಡಿ ತೋರಿಸಿದ್ದಾರೆಯೇ?