ಮಂಗಳವಾರದ ಸೀರೆ

ಹನ್ನೊಂದು ವರ್ಷಗಳಿಂದ ನಾನು ಬೂದು ಪ್ಯಾಂಟು, ಬೂದು ಕೋಟು ತೊಟ್ಟು ಕೆಲಸಕ್ಕೆ ಹೋಗುತ್ತಿದ್ದೆ. ಲಂಡನ್ನಿನ ಆಕಾಶಕ್ಕೂ ನನಗೂ ವ್ಯತ್ಯಾಸ ತಿಳಿಯದೆ ಯಾರಾದರೂ ಡಿಕ್ಕಿ ಹೊಡೆದಾರು ಎಂದು ಒಮ್ಮೊಮ್ಮೆ ಭಯವಾಗುತ್ತಿತ್ತು. ನಮ್ಮದು ಹಳೇ ಕಾಲದ ವಕೀಲರ ಕಚೇರಿ. ಪತ್ರಗಳ ಕರಡು ಬರೆಯುವುದು ನನ್ನ ಕೆಲಸ. ಅಲ್ಲಿ ಬಣ್ಣ ಇರುವುದು ಫೈಲು ಕಟ್ಟುವ ಗುಲಾಬಿ ಪಟ್ಟಿಗೆ ಮಾತ್ರ.

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂದು ನಾನೂ ಒಪ್ಪಿಕೊಂಡವಳೇ. ಆದರೆ ಒಂದು ಆಸೆ ಉಳಿದುಬಿಟ್ಟಿತ್ತು, ನಗಬೇಡಿ. ಗಂಜಿ ಹಾಕಿದ ನೂಲಿನ ಸೀರೆ ಉಟ್ಟು ಕಚೇರಿಗೆ ಹೋಗಬೇಕು, ಯಾರೂ ಅದನ್ನು ಗಮನಿಸಬಾರದು. ದೀಪಾವಳಿಗೆ ರೇಷ್ಮೆ ಉಟ್ಟು ಹೊಗಳಿಸಿಕೊಂಡದ್ದುಂಟು; ನನಗೆ ಬೇಕಾದದ್ದು ಅದಲ್ಲ. ಅವ್ವ ಧಾರವಾಡದ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿದ್ದಳು. ಬೆಳಿಗ್ಗೆ ಅವಳು ಹೊರಟರೆ ಗಂಜಿ ಸೀರೆಯ ನೆರಿಗೆ ಸರಸರ ಎನ್ನುತ್ತಿತ್ತು. ದುಡಿಮೆ ಎಂದರೆ ನನಗೆ ಆ ಸದ್ದು. ಅದಿಲ್ಲದೆ ಇಷ್ಟು ವರ್ಷ ಕಳೆದೆನಲ್ಲ ಎಂದು ಟ್ಯೂಬ್ ರೈಲಿನಲ್ಲಿ ನಿಂತಾಗ ಅನ್ನಿಸುತ್ತಿತ್ತು.

ಕಚೇರಿಯ ಗಂಡಸರು ಕಟ್ಟುವ ಟೈ ಮೂಲತಃ ಕ್ರೊಯೇಷಿಯಾದ ಸೈನಿಕರ ಕೊರಳ ಬಟ್ಟೆಯಂತೆ. ಯುದ್ಧದ ಬಟ್ಟೆ ಕಚೇರಿಗೆ ಸಲ್ಲುವುದಾದರೆ ಗುಮಾಸ್ತೆಯ ಸೀರೆ ಯಾಕೆ ಸಲ್ಲಬಾರದು?

ಹೋದ ತಿಂಗಳು ಧೈರ್ಯ ಮಾಡಿದೆ. ಕ್ವೀನ್ಸ್‌ಬರಿಯ ಭಾರತೀಯ ಅಂಗಡಿಯಿಂದ ತಂದ ಸೋನಾ ಮಸೂರಿಯ ಗಂಜಿ ಬಸಿದು, ಸೀರೆ ಅದ್ದಿ, ಬಿಸಿಲಿಲ್ಲದ್ದರಿಂದ ಮನೆ ಬೆಚ್ಚಗಿಡುವ ರೇಡಿಯೇಟರಿನ ಮೇಲೆ ಹರವಿದೆ. ಒಣಗುವಷ್ಟರಲ್ಲಿ ಅದು ರೇಡಿಯೇಟರಿನ ಆಕಾರವನ್ನೇ ತಾಳಿ ಹಪ್ಪಳದಂತೆ ಸೆಟೆದು ನಿಂತಿತ್ತು. ಇಸ್ತ್ರಿ ಹಿಡಿದು ಅರ್ಧ ಗಂಟೆ ಗುದ್ದಾಡಿ ಉಟ್ಟುಕೊಂಡೆ. ಅಂದು ಮಂಗಳವಾರ, ಹಬ್ಬವಿಲ್ಲ, ಹರಿದಿನವಿಲ್ಲ.

ರಿಸೆಪ್ಷನ್ನಿನ ಹುಡುಗಿ ಇವತ್ತು ಯಾವ ಹಬ್ಬ ಎಂದಳು. ಲಿಫ್ಟಿನಲ್ಲಿ ಒಬ್ಬರು ಯಾರ ಮದುವೆ ಎಂದರು. ನಮ್ಮ ಹಿರಿಯ ವಕೀಲರಂತೂ ಶುಭಾಶಯ ಹೇಳಬೇಕಾದ ದಿನವನ್ನು ಮರೆತೆನೆಂದು ಬಹಳ ಸಂಕೋಚದಿಂದ ಕ್ಷಮೆ ಕೇಳಿದರು. ಎಲ್ಲರದೂ ಒಳ್ಳೆಯ ಮನಸ್ಸೇ. ಆದರೂ ನನಗೆ ಅಳು ಬಂತು. ಅವ್ವನ ಹಾಗೆ ಕೆಲಸಕ್ಕೆಂದು ಹೋದವಳು ಅವರ ಕಣ್ಣಿಗೆ ಅತಿಥಿಯಾಗಿದ್ದೆ.

ಊಟದ ಬಿಡುವಿನಲ್ಲಿ ಅವ್ವನಿಗೆ ಫೋನ್ ಮಾಡಿ ದೂರಿಕೊಂಡೆ. ಅವಳು ನಕ್ಕಳು. ಅವಳು ಮೊದಲ ದಿನ ಕೆಲಸಕ್ಕೆ ಹೋದಾಗ, ಬರೀ ಗಂಡಸರಿದ್ದ ಆ ಕಚೇರಿಯಲ್ಲಿ, ಯಾರ ಮನೆಯವರು, ಯಾರನ್ನು ಕಾಣಬೇಕಿತ್ತು ಎಂದು ವಿಚಾರಿಸಿ, ಚಹಾ ಕೊಟ್ಟು ಕೂರಿಸಿದ್ದರಂತೆ. ಇಷ್ಟು ವರ್ಷ ನನಗೆ ಇದು ಗೊತ್ತೇ ಇರಲಿಲ್ಲ.

“ಒಂದ್ ದಿನ ಉಟ್ಟರ ಹಬ್ಬ ಅಂತಾರ, ದಿನಾ ಉಟ್ಟರ ನೌಕರಿ ಅಂತಾರ,” ಅಂದಳು. “ನಾಳೆನೂ ಉಟ್ಕೊಂಡು ಹೋಗವಾ.”

ಇದ್ದ ಮೂರು ಸೀರೆಗಳನ್ನೇ ಸರದಿಯ ಮೇಲೆ ಉಟ್ಟೆ. ಕೇಳುವವರು ಕಡಿಮೆಯಾಗುತ್ತ ಬಂದರು. ಮೂರನೇ ವಾರ, ಒಂದು ಮಧ್ಯಾಹ್ನ, ಹಿರಿಯ ವಕೀಲರು ನನ್ನತ್ತ ತಲೆಯನ್ನೂ ಎತ್ತದೆ, ಪತ್ರದಲ್ಲಿ ಎರಡು ತಪ್ಪುಗಳಿವೆ, ಸರಿಪಡಿಸಿ ತನ್ನಿ ಎಂದು ಗದರಿದರು. ಗದರಿಸಿಕೊಂಡು ಅಷ್ಟು ಸಂತೋಷಪಟ್ಟದ್ದು ನನಗೆ ನೆನಪಿಲ್ಲ. ತಪ್ಪು ತಿದ್ದುತ್ತ ಕೂತಾಗ ಮಾತ್ರ, ಪಕ್ಕದ ಮೇಜಿನಲ್ಲಿ ಅವ್ವ ಇರಬೇಕಿತ್ತು ಅನ್ನಿಸಿತು.