ಲೋಕಲ್ ಬೀಗ ಬೇಡ ಅಂದವಳು ನಾನೇ

ಹೋದ ವಾರ ಒಂದಿನ ಮಧ್ಯಾಹ್ನ ಊಟ ಮಾಡಿ ಅಡ್ಡಾಗಿದ್ದೆ. ಕನಸಲ್ಲಿ ನಮ್ಮನೆ ಬಾಗಿಲೇ ನನ್ನ ಆಧಾರ್ ಕಾರ್ಡ್ ಕೇಳ್ತು. ತೋರಿಸಿದ್ರೆ, ಫೋಟೋ ನಿಮ್ಮ ಥರ ಇಲ್ಲ ಅಂತು...

ನಾಲ್ಕೇ ದಿನಕ್ಕೆ ನಿಜ ಆಯ್ತು ನೋಡಿ.

ನನಗೆ ಬಾಗಿಲು ಹಾಕಿದ್ನೋ ಇಲ್ವೋ ಅನ್ನೋ ಕಾಯಿಲೆ. ತರಕಾರಿಗೆ ಹೊರಟ್ರೆ ಬೀದಿ ಕೊನೆಯಿಂದ ಮೂರು ಸಲ ವಾಪಸ್ ಬಂದು ಬೀಗ ಜಗ್ಗೋಳು. ಮಗಳಿಗೆ ಸಾಕಾಗಿ, "ಅಮ್ಮಾ, ತಾನಾಗೇ ಹಾಕ್ಕೊಳ್ಳೋ ಸ್ಮಾರ್ಟ್ ಲಾಕ್ ತಗೋ, ನನ್ನ ತಲೆ ತಿನ್ಬೇಡ" ಅಂದ್ಲು.

ನಗರ್ತಪೇಟೆ ಅಂಗಡಿಯವರು ಎರಡು ಬಾಕ್ಸ್ ಇಟ್ರು. ಒಂದರ ಮೇಲೆ ‘ಲೋಕಲ್’, ಇನ್ನೊಂದರ ಮೇಲೆ ‘ಕ್ಲೌಡ್’. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟೋಳಾದ್ರೂ ಇಂಗ್ಲಿಷ್ ಅಕ್ಷರ ಕೂಡಿಸಿ ಓದ್ತೀನಲ್ಲ, ಆ ಗತ್ತು.

"ರೀ, ಲೋಕಲ್ ಮಾಲು ಬೇಡ, ಒಳ್ಳೇದು ಕೊಡಿ" ಅಂದೆ. ಅವರು ಏನೋ ಹೇಳಕ್ಕೆ ಬಂದ್ರು. ನಾನು ಬಿಟ್ರೆ ತಾನೇ? ‘ಕ್ಲೌಡ್’ ಬೀಗಾನೇ ತಂದು ಹಾಕಿಸ್ದೆ.

ಮೊನ್ನೆ ಬೆಳಿಗ್ಗೆ ಹೂವಿನವಳು ಕೂಗಿದ್ಲು. ಹೊಸ್ತಿಲು ದಾಟಿದೆ. ಹಿಂದೆ ಟಿಕ್.

ಒಳಗೆ ಎರಡು ವರ್ಷದ ಮೊಮ್ಮಗಳು ಮಲಗಿದಾಳೆ, ಬೇರೆ ಯಾರೂ ಇಲ್ಲ. ಒಲೆ ಮೇಲೆ ಕುಕ್ಕರ್.

ಕೈಯಲ್ಲಿ ಮೊಬೈಲ್ ಇತ್ತು. ಬೀಗ ತೆಗೆಯೋ ಆ್ಯಪ್ ಒತ್ತಿದೆ. ಚಕ್ರ ತಿರುಗುತ್ತೆ, ತಿರುಗುತ್ತೆ... ರಸ್ತೆ ಅಗೆಯೋರು ಮನೆಗೆ ಬರೋ ನೆಟ್ ಕೇಬಲ್ಲು ಕತ್ತರಿಸಿ ಹಾಕಿದಾರೆ. ನನ್ನ ಮೊಬೈಲಿಗೆ ನೆಟ್ ಇದೆ, ಬೀಗಕ್ಕೆ ಇಲ್ಲ. ಎಲ್ಲೋ ಮೋಡದಲ್ಲಿ ಕೂತಿರೋ ಮಹಾನುಭಾವರು ಅಪ್ಪಣೆ ಕೊಟ್ರೇ ಶಂಕರಪುರದ ನಮ್ಮನೆ ಬಾಗಿಲು ತೆಗೆಯೋದಂತೆ!

ಬೀಗದ ಕೈ? ಕಳೆದುಹೋಗ್ಬಾರ್ದು ಅಂತ ಬೀರು ಒಳಗೆ ಜೋಪಾನವಾಗಿ ಇಟ್ಟಿದೀನಿ.

ಮೂರನೇ ಸೀಟಿ ಆಯ್ತು. ನಾಲ್ಕು. ಮಗು ಎದ್ದು ಅಳೋಕೆ ಶುರು ಮಾಡ್ತು. ಅದು ಅಡುಗೆಮನೆ ಕಡೆ ಹೋದ್ರೆ ಏನ್ ಗತಿ ಅಂತ ಬೀದಿಗೆಲ್ಲ ಕೇಳೋ ಹಾಗೆ ಕೂಗ್ಕೊಂಡೆ.

ಎದುರುಮನೆ ಬಡಗಿ ಮುನಿರಾಜಣ್ಣ ಉಳಿ ಹಿಡ್ಕೊಂಡು ಓಡಿ ಬಂದ್ರು. "ಪಕ್ಕಕ್ಕೆ ಬನ್ನಿ ಅಕ್ಕಾ, ನಿಮ್ಮ ಸ್ಮಾರ್ಟ್ ಬೀಗಕ್ಕೆ ಇದೇ ಪಾಸ್‌ವರ್ಡು!"

ಏಳನೇ ಸೀಟಿಗೆ ಬಾಗಿಲು ತೆರೀತು. ಮಗು ಕುಕ್ಕರ್ ಮುಂದೇ ನಿಂತಿತ್ತು. ಎತ್ಕೊಂಡು ನಾನೂ ಅತ್ತೆ.

ಸಂಜೆ ಅಂಗಡಿಗೆ ಹೋಗಿ ಕೂಗಾಡಿದೆ. "ಅಮ್ಮಾ, ಲೋಕಲ್ ಅಂದ್ರೆ ಕಳಪೆ ಅಲ್ಲ. ನೆಟ್ ಇಲ್ದೇ ಮನೆಯೊಳಗೇ ಕೆಲಸ ಮಾಡೋದು ಅಂತ. ಅವತ್ತು ಹೇಳೋಕೆ ಬಿಟ್ರಾ ನೀವು?" ಅಂದ್ರು.

ಪಾಪ, ಇಂಗ್ಲಿಷ್ ಪಂಡಿತೆ ಮತ್ತೆ ಪರ್ಸ್ ಬಿಚ್ಚಿದ್ಲು...

ಈಗ ಲೋಕಲ್ಲೇ ತಂದಿದೀನಿ. ನಾಳೆ ಮುನಿರಾಜಣ್ಣ ಫಿಟ್ ಮಾಡ್ತಾರೆ. ಬಾಕ್ಸ್ ಹಿಂದೆ ಸಣ್ಣ ಅಕ್ಷರದಲ್ಲಿ ಇಂಟರ್ನೆಟ್ ಅಂತ ಏನೋ ಇದೆ, ಇಲ್ಲೇ ಕೆಳಗೆ ಫೋಟೋ ಹಾಕಿದೀನಿ. ನೆಟ್ ಬರೀ ಮೊದಲ ಸಲ ಬೇಕಾ, ಪ್ರತಿ ಸಲ ಬೇಕಾ, ದಯವಿಟ್ಟು ಯಾರಾದ್ರೂ ಇನ್ನೊಂದ್ಸಲ ಓದಿ ಹೇಳ್ತೀರಾ?