ಪಕ್ಕದ ಸೀಟಿಲ್ಲದ ಕಾರು

ಗೆಳೆಯರೇ, ಇವತ್ತು ಠಾಣೆ ನಗರದ ಒಂದು ಅಂಗಡಿಯೊಳಗೆ ಕೂತು ನಾನು ರೇಸ್ ಕಾರು ಓಡಿಸಿದೆ! ಕಂಪ್ಯೂಟರ್ ರೇಸಿಂಗಿಗೆ, ಅದೂ ನನಗೇ ಅಂತ, ಸ್ಟೀರಿಂಗ್ ಮತ್ತು ಪೆಡಲ್ ಆರಿಸಲು ಹೋಗಿದ್ದೆ. ಈ ವಯಸ್ಸಿನಲ್ಲಿ ಇದು ಬೇಕಾ ಎಂದು ಡೊಂಬಿವಲಿಯಿಂದ ದಾರಿಯುದ್ದಕ್ಕೂ ನನ್ನನ್ನೇ ಕೇಳಿಕೊಂಡೆ. ಆದರೆ ಪಕ್ಕದಲ್ಲಿ ಕೂತು ಗಂಡ ಕೊಡುವ ಸೂಚನೆಗಳಿಲ್ಲದೆ ಒಮ್ಮೆಯಾದರೂ ಕಾರು ಓಡಿಸುವ ಆಸೆ ನನಗೆ.

ಮೊದಲ ಸೆಟ್ಟಿನ ಬ್ರೇಕ್ ತೀರಾ ಮೆತ್ತಗಿತ್ತು. ಎರಡನೆಯದು ಕಾಲಿಗೆ ಎದುರುತ್ತರ ಕೊಟ್ಟಿತು. ತಿರುವು ಬಂದಾಗ ಸ್ಟೀರಿಂಗ್ ನನ್ನ ಕೈಯನ್ನೇ ಎಳೆಯಿತು. ಖುಷಿಯಿಂದ ಕಿರುಚಿದೆ.

"ಬ್ರೇಕ್ ಒತ್ತು ಮಾರಾಯ್ತಿ! ಗೋಡೆ, ಗೋಡೆ!"

ನೋಡಿದರೆ, ಜೊತೆಗೆ ಬಂದಿದ್ದ ಇವರು ನನ್ನ ಎಡಗಡೆ ಬಂದು ನಿಂತು ಬಲಗಾಲಿನಿಂದ ಅಂಗಡಿಯ ನೆಲವನ್ನು ಒತ್ತುತ್ತಿದ್ದಾರೆ.

ಅಂಗಡಿಯವನು ಗಂಭೀರವಾಗಿ ಹೇಳಿದ, "ಅಂಕಲ್, ಬ್ರೇಕ್ ಆಂಟಿ ಕೇ ಪಾಸ್ ಹೈ."

ಬ್ರೇಕ್ ಇರುವುದು ಆಂಟಿಯ ಹತ್ತಿರವಂತೆ! ನಕ್ಕು ನಕ್ಕು ನಾನು ನೇರ ಗೋಡೆಗೇ ಗುದ್ದಿದೆ. ಪರದೆಯ ಮೇಲೆ ಕಾರು ಪಲ್ಟಿ ಹೊಡೆಯಿತು.

"ಕಂಡೆಯಾ? ನಾನು ಆಗಲೇ ಹೇಳ್ಲಿಲ್ವಾ?" ಎಂದು ಇವರು ಹಣೆ ಒರೆಸಿಕೊಂಡರು.

ಆ ಎರಡನೇ ಸೆಟ್ಟನ್ನೇ ತಗೊಂಡೆ. ಜೊತೆಗೆ ಕಿವಿ ಪೂರ್ತಿ ಮುಚ್ಚುವಂಥ ಒಂದು ಹೆಡ್‌ಫೋನ್ ಕೂಡ.